ಎದೆಗೆ ಕಟ್ಟಿಕೊಂಡ ಸಾಕ್ಷಿ

ತನಗೆ ರೋಗ ಇದ್ದೇ ಇರಲಿ ಎಂದು ಬೇಡಿಕೊಳ್ಳುವ ಮನುಷ್ಯನನ್ನು ನೀವು ನೋಡಿದ್ದೀರೋ ಇಲ್ಲವೋ, ಅಗ್ನಿಶಾಮಕ ಠಾಣೆಯ ಈ ಚಾಲಕ ಮಾತ್ರ ಆಸ್ಪತ್ರೆಯ ಬೆಂಚಿನ ಮೇಲೆ ಅಂಗಿ ಬಿಚ್ಚಿ ಕೂತು ಅದನ್ನೇ ಬೇಡಿಕೊಳ್ಳುತ್ತಿದ್ದ. ನರ್ಸ್ ಅವನ ಎದೆಯ ಕೂದಲನ್ನು ಅಲ್ಲಲ್ಲಿ ಬೋಳಿಸಿ, ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿ, ಒಂದೊಂದಕ್ಕೂ ಒಂದೊಂದು ವೈರು ಸಿಕ್ಕಿಸಿದಳು. ವೈರುಗಳೆಲ್ಲ ಹೋಗಿ ಸೇರುವುದು ಸೊಂಟಕ್ಕೆ ತೂಗುಬಿಟ್ಟ ಪುಟ್ಟ ಪೆಟ್ಟಿಗೆಗೆ. ಹೃದಯ ಹೇಗೆ ಬಡಿಯಿತು, ಎಲ್ಲಿ ತಪ್ಪಿತು ಎಂಬುದನ್ನೆಲ್ಲ ಆ ಪೆಟ್ಟಿಗೆ ಹಗಲೂ ರಾತ್ರಿ ದಾಖಲು ಮಾಡಿಕೊಳ್ಳುತ್ತದೆ. ಏನಾದರೂ ಆದಂತೆ ಅನ್ನಿಸಿದರೆ ಒತ್ತಲು ಅದಕ್ಕೊಂದು ಗುಂಡಿಯೂ ಇತ್ತು.

"ನೀರು ತಾಗಿಸ್ಬೇಡಿ. ಉಳಿದಂತೆ ದಿನಾ ಹೇಗಿರ್ತೀರೋ ಹಾಗೇ ಇರಿ," ಎಂದಳು ನರ್ಸ್.

ಅವನಿಗೆ ಮೈ ಉರಿಯಿತು. "ದಿನಾ ನಾನು ಗಾಡಿ ಓಡಿಸ್ತಿದ್ದೆ ಸಿಸ್ಟರ್. ಅದನ್ನೇ ಕಿತ್ಕೊಂಡು ಕೂರ್ಸಿದ್ದಾರೆ. ಇನ್ನು ದಿನಾ ಇರೋ ಹಾಗೆ ಹೇಗಿರ್ಲಿ, ನೀವೇ ಹೇಳಿ?"

"ಹಾಗಾದ್ರೆ ಆರಾಮಾಗಿರಿ."

ಆರಾಮವಂತೆ ಆರಾಮ! ಆರಾಮವಾಗಿದ್ದರೆ ಅವನ ಹೃದಯ ಎಮ್ಮೆಯ ಹಾಗೆ ನೆಮ್ಮದಿಯಾಗಿ ಮೆಲುಕು ಹಾಕಿಕೊಂಡಿರುತ್ತಿತ್ತು. ಹಿಂದಿನ ಸಲ ಇದೇ ಯಂತ್ರ ಕಟ್ಟಿಕೊಂಡಾಗ ಆದದ್ದೂ ಅದೇ. 'ಏನೂ ಇಲ್ಲ ಕಣ್ರೀ, ಗಟ್ಟಿಮುಟ್ಟಾಗಿದ್ದೀರಿ' ಎಂದು ಡಾಕ್ಟರು ಬೆನ್ನು ತಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಇವನು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತುಬಿಟ್ಟಿದ್ದ. ಈಗ ಕಾಡಿ ಬೇಡಿ, ಇಲಾಖೆಯಿಂದ ಚೀಟಿ ತಂದು, ಎರಡನೇ ಸಲ ಕಟ್ಟಿಸಿಕೊಂಡಿದ್ದ. ಇದೇ ಕೊನೆ ಎಂದು ಇಲಾಖೆಯವರೂ ಹೇಳಿದ್ದರು, ಡಾಕ್ಟರೂ ಹೇಳಿದ್ದರು.

ಆದದ್ದಿಷ್ಟು. ರಜೆ ಹಾಕಿದ್ದ ಇನ್ನೊಬ್ಬನ ಪಾಳಿಯನ್ನೂ ಸೇರಿಸಿ ದುಡಿದು, ಮಧ್ಯಾಹ್ನ ಠಾಣೆಯ ಕೋಣೆಯಲ್ಲಿ ಅಡ್ಡಾಗಿದ್ದಾಗ ಗಂಟೆ ಬಡಿದಿತ್ತು. ಎಲ್ಲೋ ಒಂದು ಮರದ ಗೋದಾಮಿಗೆ ಬೆಂಕಿ. ನಿದ್ದೆಯಿಂದ ಎದ್ದವನೇ ಓಡಿ ಸ್ಟಿಯರಿಂಗ್ ಹಿಡಿದ. ಪಕ್ಕದ ಸೀಟಿನಲ್ಲಿ ತಂಡದ ಮುಖ್ಯಸ್ಥ. ಈ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಇವನ ಹೆಂಡತಿಯ ಅಣ್ಣ, ಅಂದರೆ ಖಾಸಾ ಭಾವ. ಠಾಣೆಗೆ ಹೊಸದಾಗಿ ಬಂದ ಹುಡುಗನ ಕೈ ನೋಡಿ, ಗಾಡಿ ತಿರುಗಿಸುವ ಚಂದ ನೋಡಿ, 'ಇವನಿಗೇ ನನ್ನ ತಂಗಿ' ಎಂದು ಹಟ ಹಿಡಿದು ಮದುವೆ ಮಾಡಿಸಿದವನು. ಠಾಣೆಯಿಂದ ಹೊರಬಿದ್ದು ಮೊದಲ ತಿರುವು ದಾಟುವಾಗ ಚಾಲಕನ ಎದೆಯಲ್ಲಿ ಪಟಪಟ ಅಂದ ಹಾಗಾಯಿತು. ಆಮೇಲೆ ಏನೂ ಇಲ್ಲ. ಅವನಿಗೆ ಮತ್ತೆ ಅರಿವು ಬಂದಾಗ ಗಾಡಿ ಒಂದು ಕಾರ್ಖಾನೆಯ ಗೋಡೆಗೆ ಮೂತಿ ತೂರಿಸಿ ನಿಂತಿತ್ತು. ಹಿಂದೆ ಕೂತವರಿಗೆ ತರಚು ಗಾಯ. ಭಾವನ ಕಡೆಯ ಬಾಗಿಲು ಮಾತ್ರ ಒಳಕ್ಕೆ ಬಂದು, ಅವನ ತೊಡೆಯ ಮೂಳೆ ಚೂರುಚೂರಾಗಿತ್ತು.

'ಕುಡಿದಿದ್ಯಾ?' ಎಂದು ಕೇಳಿದರು. ರಕ್ತ ಪರೀಕ್ಷೆ ಮಾಡಿದರು, ಕುಡಿದಿರಲಿಲ್ಲ. 'ಎದೆಯಲ್ಲಿ ಏನೋ ಆಯ್ತು ಸಾರ್' ಎಂದು ಇವನು ಬಡಕೊಂಡ. ಎದೆ ನೋಡಿದರು, ಸರಿಯಾಗೇ ಇತ್ತು. ಆಗ ವಿಚಾರಣೆಯ ಅಧಿಕಾರಿ ಆಸ್ಪತ್ರೆಯಲ್ಲಿ ಮಲಗಿದ್ದ ಭಾವನ ಹೇಳಿಕೆ ಓದಿದರು: 'ಅವನು ತೂಕಡಿಸಿದ. ಎರಡು ಪಾಳಿ ಮಾಡಿದ್ದ, ನಿದ್ದೆ ಹತ್ತಿರಬೇಕು.' ಬೇರೆ ಯಾರು ಅಂದಿದ್ದರೂ ಇವನು ಹೊಡೆದಾಡುತ್ತಿದ್ದ. ಭಾವನೇ ಅಂದ ಮೇಲೆ ಯಾರ ಹತ್ತಿರ ಹೊಡೆದಾಡುವುದು?

ಬೆಂಕಿ ಆರಿಸಲು ಹೋಗುವ ಗಾಡಿಯಲ್ಲಿ ನಿದ್ದೆ ಮಾಡಿದವ ಎಂದರೆ ಏನರ್ಥ ಗೊತ್ತೇ? ಹಿಂದೆ ಕೂತವರು ಓಡುವ ಗಾಡಿಯಲ್ಲೇ ಬೂಟು ಏರಿಸಿಕೊಳ್ಳುತ್ತಾರೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ರಸ್ತೆಯ ಕಡೆ ಒಬ್ಬನೂ ನೋಡುವುದಿಲ್ಲ, ಚಾಲಕ ನೋಡುತ್ತಾನಲ್ಲ ಎಂಬ ಧೈರ್ಯ. ಆ ಧೈರ್ಯ ಕೆಡಿಸಿದವನನ್ನು ಠಾಣೆಯಲ್ಲಿ ಯಾರೂ ಮನುಷ್ಯ ಅನ್ನುವುದಿಲ್ಲ. ಅಲ್ಲಿಯವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದುದು 'ಗಾಳಿ' ಎಂದು. ಈಗ 'ಗೊರಕೆ' ಎನ್ನತೊಡಗಿದರು. ಅವನನ್ನು ಪೈಪುಗಳ ಕೆಲಸಕ್ಕೆ ಹಾಕಿದ ಮೊದಲ ದಿನವೇ ಯಾರೋ ಪುಣ್ಯಾತ್ಮ ಪೈಪಿನ ಸ್ಟ್ಯಾಂಡಿನ ಮೇಲೆ ಒಂದು ದಿಂಬು ಇಟ್ಟಿದ್ದ, ಮೇಲೆ ಸೊಗಸಾಗಿ ಮಡಿಸಿದ ಹೊದಿಕೆ ಬೇರೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವನು ದಿಂಬನ್ನು ಒಳಗೆ ಒಯ್ದಿಟ್ಟು ಬಂದು ಪೈಪು ತೊಳೆಯಲು ಕೂತ.

ಅಧಿಕಾರಿ ಕೆಟ್ಟವರೇನಲ್ಲ. ಹತ್ತಿರ ಕರೆದು ಹೇಳಿದ್ದರು: "ನೋಡಪ್ಪಾ, ನಿದ್ದೆ ಹತ್ತಿತ್ತು ಅಂತ ಒಪ್ಕೊಂಡುಬಿಡು. ಎರಡೆರಡು ಪಾಳಿ ಮಾಡ್ಸಿದ್ದು ನಮ್ಮದೂ ತಪ್ಪೇ. ಒಂದಷ್ಟು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ, ಆಮೇಲೆ ಮತ್ತೆ ನಿನ್ನ ಸೀಟು ನಿನಗೇ. ಅದು ಬಿಟ್ಟು ಹೃದಯ, ಹೃದಯ ಅಂತ ಕೂತ್ರೆ, ಅದೇನಾದ್ರೂ ನಿಜ ಆದ್ರೆ, ಸಾಯೋವರೆಗೂ ಯಾವ ಗಾಡಿನೂ ಕೊಡಲ್ಲ. ಚಾಲಕ ಅಂತ ಸೇರ್ದೋನಿಗೆ ಇಲ್ಲಿ ಬೇರೆ ಕೆಲಸನೂ ಇಲ್ಲ, ಮನೆಗೇ. ಯೋಚನೆ ಮಾಡು."

ತಲೆ ನೆಟ್ಟಗಿದ್ದವನು ಅಲ್ಲೇ ಸಹಿ ಹಾಕುತ್ತಿದ್ದ. ಇವನು ಹಾಕಲಿಲ್ಲ. ಗಾಡಿ ಎಂದರೆ ಇವನಿಗೆ ಪ್ರಾಣ. ಆದರೂ ಭಾವನ ಮುಂದೆ 'ನಾನು ನಿದ್ದೆ ಮಾಡಿರಲಿಲ್ಲ' ಎಂದು ತಲೆಯೆತ್ತಿ ಹೇಳಬೇಕಿತ್ತು. ಅದಕ್ಕೆ ಅವಕಾಶವೇ ಇರಲಿಲ್ಲ. ಆಸ್ಪತ್ರೆಗೆ ಹೋದರೆ ಭಾವ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಅವನ ಮನೆಗೆ ಹೋದರೆ ಅವನ ಹೆಂಡತಿ, ಅಂದರೆ ಅತ್ತಿಗೆ, ಬಾಗಿಲಲ್ಲೇ ನಿಂತು, 'ಮಲಗಿದ್ದಾರೆ, ಆಮೇಲೆ ಬನ್ನಿ' ಎಂದಳು. ಹೋದಾಗಲೆಲ್ಲ ಮಲಗಿಯೇ ಇರುವ ಮನುಷ್ಯ ಯಾರಿದ್ದಾರೆ? ಕೊನೆಗೆ ಇವನು ಹೋಗುವುದನ್ನೇ ಬಿಟ್ಟ. ಇವನನ್ನು ಬಿಟ್ಟು ತಾನೊಬ್ಬಳೇ ಹೋಗುವುದು ಹೇಗೆಂದು ಹೆಂಡತಿಯೂ ತವರಿಗೆ ಕಾಲಿಡಲಿಲ್ಲ.

ಯಂತ್ರ ಹೊತ್ತು ಠಾಣೆಗೆ ಬಂದವನು ಹೃದಯವನ್ನು ಕೆಣಕಲು ಶುರುಮಾಡಿದ. ಒದ್ದೆ ಪೈಪನ್ನು ಹೆಗಲಿಗೆ ಹಾಕಿಕೊಂಡು ಪೈಪು ತೂಗುಹಾಕಿ ಒಣಗಿಸುವ ಗೋಪುರದ ಮೆಟ್ಟಿಲುಗಳನ್ನು ಓಡೋಡಿ ಹತ್ತಿದ. ಸಕ್ಕರೆ ಇಲ್ಲದ ಕಾಫಿಯನ್ನು ಲೋಟಗಟ್ಟಲೆ ಕುಡಿದ. ಹೊಟ್ಟೆ ಕೆಟ್ಟಿತೇ ಹೊರತು ಹೃದಯ ಜಗ್ಗಲಿಲ್ಲ. ಗಂಟೆ ಬಡಿಯಿತು, ಎಲ್ಲರೂ ಓಡಿದರು, ಇವನು ಪೈಪು ಹಿಡಿದು ನಿಂತಲ್ಲೇ ನಿಂತ. ಸೊಂಟದ ಪೆಟ್ಟಿಗೆಯನ್ನು ಮುಟ್ಟಿ ನೋಡಿಕೊಂಡ. ಒಳಗೆ ಲಬ್-ಡಬ್, ಲಬ್-ಡಬ್, ಏನೂ ಆಗಿಲ್ಲ ಎಂಬಂತೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದರೆ ಇದೇ.

ಪೈಪು ಸುತ್ತುತ್ತ ಕೂತಾಗ ಅವನಿಗೆ ಒಂದು ವಿಷಯ ಹೊಳೆಯಿತು. ಆವತ್ತು ಅವನು ನಿದ್ದೆಯಿಂದ ಎದ್ದು ಓಡಿದ್ದ. ಹಿಂದೊಮ್ಮೆ ಮನೆಯಲ್ಲೂ ಹಾಗೇ, ಗಾಢ ನಿದ್ದೆಯಲ್ಲಿದ್ದಾಗ ಫೋನು ಕಿರುಚಿ, ಎದ್ದವನಿಗೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ಕೂತಿದ್ದ. ಸುಸ್ತು ಎಂದುಕೊಂಡು ಮರೆತಿದ್ದ. ಹಾಗಾದರೆ ಬರೀ ಗಂಟೆ ಸಾಲದು, ನಿದ್ದೆಯಲ್ಲಿದ್ದಾಗ ಗಂಟೆ ಬಡಿಯಬೇಕು! ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ, ಗೊರಕೆ ಎಂದು ಕರೆದವರ ಎದುರಿಗೇ, ಅದೇ ಕೋಣೆಯ ಮಂಚದ ಮೇಲೆ ಮಲಗತೊಡಗಿದ. ಅವರ ನಗೆಗೆ ಇನ್ನಷ್ಟು ಮೇವು ಸಿಕ್ಕಿತು. ಅಷ್ಟಾದರೂ ಗಂಟೆ ಬಡಿಯಬೇಕಲ್ಲ? ಅದೇನು ಮಾಯೆಯೋ, ಊರಿಗೆ ಊರೇ ಹುಷಾರಾಗಿಬಿಟ್ಟಿತ್ತು. ಒಲೆ ಆರಿಸದೆ ಮಲಗುವವರಿಲ್ಲ, ಬೀಡಿ ತುಂಡು ಎಸೆಯುವವರಿಲ್ಲ. 'ಎಲ್ಲಾದರೂ ಒಂಚೂರು ಹೊತ್ತಿಕೊಳ್ಳಬಾರದೇ ದೇವರೇ' ಎಂದು ಅವನ ಮನಸ್ಸು ಅಂದೇಬಿಟ್ಟಿತು. ಅಂದದ್ದು ತನಗೇ ಕೇಳಿಸಿದಾಗ ಅವನು ಎದ್ದು ಕೂತು ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಬೆಂಕಿಯಲ್ಲಿ ಬೆಂದವರನ್ನು ಕೈಯಾರೆ ಎತ್ತಿ ತಂದವನು ಅವನು. ಇಂಥ ಪಾಪಿ ಆಗಿಬಿಟ್ಟೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಬಂತು.

ಯಂತ್ರ ಮರಳಿಸುವ ಹಿಂದಿನ ದಿನ ಅವನು ಠಾಣೆಗೆ ಹೋಗಲಿಲ್ಲ. ಠಾಣೆಯ ಹಿಂದೆಯೇ ಸಿಬ್ಬಂದಿಯ ಮನೆಗಳು, ಅದರಲ್ಲಿ ಇವರದು ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮನೆಯ ಪರದೆ ಹೊಲಿಯುತ್ತಿದ್ದಳು. ಈ ವಿಷಯದಲ್ಲಿ ಗಂಡ ಹೆಂಡತಿಯದು ಎತ್ತು ಏರಿಗೆ, ಕೋಣ ನೀರಿಗೆ. ಎದೆಗೆ ಕಟ್ಟಿದ ಯಂತ್ರ 'ಹೌದು' ಅನ್ನಲಿ ಎಂದು ಅವನು, 'ಇಲ್ಲ' ಅನ್ನಲಿ ಎಂದು ಅವಳು. ಅವಳನ್ನು ಅನ್ನುವುದಾದರೂ ಹೇಗೆ? ಗಂಡ ರೋಗಿಯಾಗಲಿ ಎಂದು ಯಾವ ಹೆಂಡತಿ ಕೇಳಿಕೊಳ್ಳುತ್ತಾಳೆ?

"ಏಯ್, ಸ್ವಲ್ಪ ಜಗಳ ಆಡು," ಎಂದ.

ಅವಳು ಸೂಜಿ ನಿಲ್ಲಿಸಿ ನೋಡಿದಳು. "ಯಾವುದಕ್ಕೆ?"

"ಯಾವುದಕ್ಕಾದ್ರೂ. ದಿನಾ ನಿಂಗೆ ಕಾರಣ ಹುಡುಕ್ಕೊಡ್ಬೇಕಾ? ನನ್ನ ಎದೆ ಹೊಡ್ಕೋಬೇಕು, ಅಷ್ಟೇ."

"ಹಾಳಾಗ್ಹೋಗಿ!" ಎಂದಳು. ಗಂಟಲೇರಿಸಿ, "ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕ್ತೀರಿ, ಯಾವತ್ತಾದ್ರೂ ಒಂದಿನ ಎತ್ತಿಟ್ಟಿದ್ದೀರಾ? ಹೇಳಿದ್ರೆ ಮೂಗಿನ ತುದೀಲಿ ಕೋಪ..." ಎಂದು ಶುರುಮಾಡಿ, ವೈರುಗಳ ನಡುವೆ ಕೈಕಟ್ಟಿ ಶಿಸ್ತಾಗಿ ಬೈಸಿಕೊಳ್ಳಲು ನಿಂತಿದ್ದ ಗಂಡನನ್ನು ಕಂಡು ಕಿಸಕ್ಕನೆ ನಕ್ಕುಬಿಟ್ಟಳು. ಅವನಿಗೂ ನಗು ಬಂತು. ನಗುತ್ತ ನಗುತ್ತ ಅವನು ನೆಲದ ಮೇಲೆ ಕುಸಿದು ಕೂತು, ಮೊಣಕಾಲಿಗೆ ಮುಖ ಒತ್ತಿ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

"ನಂಗೆ ಗಾಡಿ ಬೇಡ ಕಣೇ. ಕೆಲಸನೂ ಬೇಡ. ನಿನ್ನ ಅಣ್ಣನ ಮುಂದೆ ಒಂದ್ಸಲ ನಿಂತು, ಭಾವ, ನಾನು ನಿದ್ದೆ ಮಾಡಿರ್ಲಿಲ್ಲ, ನೋಡಿ ಇಲ್ಲಿ, ಅನ್ಬೇಕು. ನಿನ್ನನ್ನ ನಂಗೆ ಕೊಟ್ಟೋರು. ಅವರ ಕಾಲು ಮುರ್ದು ನಾನು ಹೇಗೆ ಬದುಕ್ಲಿ?"

ಅವಳು ಹತ್ತಿರ ಬಂದು ಕೂತಳು.

"ನಾನು ಮಲಗ್ತೀನಿ. ನಿದ್ದೆ ಹತ್ತಿದ ಮೇಲೆ ತಟ್ಟೆ ಸೌಟು ತಗೊಂಡು ಕಿವಿ ಹತ್ರ ಬಡಿ. ಠಾಣೆ ಗಂಟೆ ಹೊಡೆದ ಹಾಗೆ ಬಡಿ. ಏನಾದ್ರೂ ಆದ್ರೆ ಈ ಗುಂಡಿ ಒತ್ತು. ಏನೂ ಆಗ್ಲಿಲ್ಲ ಅಂದ್ರೆ ಇವತ್ತಿಗೆ ಮುಗೀತು, ನಾಳೆ ಹೋಗಿ ಸಹಿ ಹಾಕ್ತೀನಿ. ಆಣೆ."

ಏನೂ ಆಗುವುದಿಲ್ಲ ಎಂದೇ ಅವಳು ಒಪ್ಪಿದಳು. ಬಡಿದು, ಏನೂ ಆಗದೆ, ಈ ಹುಚ್ಚು ಇವತ್ತಿಗೆ ಬಿಟ್ಟರೆ ಸಾಕಾಗಿತ್ತು ಅವಳಿಗೆ. ಹಲವು ರಾತ್ರಿ ನಿದ್ದೆಗೆಟ್ಟಿದ್ದವನು ಮಲಗಿದ ಕೂಡಲೇ ಮೈಮರೆತ. ಅವಳು ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆ ತಂದು ತಲೆದಿಂಬಿನ ಹತ್ತಿರ ನಿಂತಳು. ಕಿಟಕಿಯ ಬಿಸಿಲು ಅವನ ಎದೆಯ ಮೇಲೆ ಬಿದ್ದಿತ್ತು. ಬೋಳಿಸಿದ ಜಾಗಗಳು, ಬಿಲ್ಲೆಗಳು, ವೈರುಗಳು. ಎಷ್ಟು ಸೊರಗಿದ್ದಾನೆ ಎಂದು ಅವಳಿಗೆ ಆಗ ಕಂಡಿತು. ಕೈ ಏಳಲೇ ಇಲ್ಲ. ಎರಡು ಸಲ ತಟ್ಟೆ ಕೆಳಗಿಟ್ಟಳು. ಮೂರನೇ ಸಲ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿ, ಸೌಟು ಬೀಸಿ ಬಡಿದಳು.

ಅವನು ಎದ್ದು ಕೂತ. "ಎಲ್ಲಿ?" ಎಂದ. ಬೆಂಕಿ ಎಲ್ಲಿ ಎಂದು ಕೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಅವನ ಕಾಲು ನೆಲಕ್ಕೆ ಇಳಿದಿತ್ತು, ಒಂದು ಹೆಜ್ಜೆಯನ್ನೂ ಇಟ್ಟ. ಆಮೇಲೆ ನಿಂತಲ್ಲೇ ಸಡಿಲವಾಗಿ ಅವಳ ಮೇಲೇ ಬಿದ್ದ. ಅವಳು ತಟ್ಟೆ ಎಸೆದು ಅವನನ್ನು ತಬ್ಬಿ ನೆಲಕ್ಕೆ ಇಳಿಸಿದಳು. ಅವನ ಕಣ್ಣು ತೆರೆದೇ ಇದ್ದವು. ಅವಳ ಮುಖದ ಕಡೆಗೇ ಇದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ. "ಏನೂಂದ್ರೆ! ಏನೂಂದ್ರೆ!" ಎಂದು ಕಿರುಚಿದಳು, ಕೆನ್ನೆ ತಟ್ಟಿದಳು, ಎದೆಗೆ ಗುದ್ದಿದಳು. ಕೊಂದುಬಿಟ್ಟೆ, ನನ್ನ ಕೈಯಾರೆ ಕೊಂದುಬಿಟ್ಟೆ ಎಂಬುದೊಂದೇ ಅವಳ ತಲೆಯಲ್ಲಿ ಇದ್ದದ್ದು. ಪಕ್ಕದ ಮನೆಯವರು ಬಾಗಿಲು ಬಡಿಯತೊಡಗಿದರು. ಅಷ್ಟರಲ್ಲಿ ಅವನ ಗಂಟಲಿನಿಂದ ಒಂದು ದೊಡ್ಡ ಉಸಿರು ಬಂತು. ರೆಪ್ಪೆ ಬಡಿದ. ಅವಳನ್ನು ಗುರುತಿಸಿದ.

"ಗುಂಡಿ ಒತ್ತಿದ್ಯಾ?" ಎಂದ.

ಅವಳು ಅವನ ಕೆನ್ನೆಗೆ ಫಟಾರನೆ ಒಂದು ಕೊಟ್ಟಳು. ಆಮೇಲೆ ಅವನ ತಲೆಯನ್ನು ಅಪ್ಪಿ ಗೋಳೋ ಎಂದು ಅತ್ತಳು.

ಗುಂಡಿ ಒತ್ತದಿದ್ದರೂ ಪೆಟ್ಟಿಗೆ ಎಲ್ಲವನ್ನೂ ಹಿಡಿದಿಟ್ಟಿತ್ತು. ಮರುದಿನ ಡಾಕ್ಟರು ಕಂಪ್ಯೂಟರ್ ಪರದೆಯ ಮೇಲೆ ಅದನ್ನು ನೋಡುತ್ತ ನೋಡುತ್ತ ಕುರ್ಚಿ ಮುಂದಕ್ಕೆಳೆದುಕೊಂಡರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಬೈದರು. "ತಟ್ಟೆ ಬಡಿದ್ರಾ? ಬುದ್ಧಿ ಇದೆಯೇನ್ರೀ? ಅಷ್ಟು ಹೊತ್ತು ಇವರ ಹೃದಯ ಬಡಿದೇ ಇಲ್ಲ, ಲಯ ತಪ್ಪಿ ಸುಮ್ನೆ ನಡುಗಿದೆ. ತಾನಾಗಿ ಸರಿಹೋಗಿದ್ದು ನಿಮ್ಮ ಪುಣ್ಯ. ಇನ್ನೊಂದ್ಸಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ." ಎದೆಯ ಚರ್ಮದ ಕೆಳಗೆ ಒಂದು ಸಾಧನ ಕೂರಿಸಬೇಕು, ಇವತ್ತೇ ದಾಖಲಾಗಿ, ಎಂದರು. ಗಾಡಿಯ ಮಾತು ಇನ್ನು ಮರೆತುಬಿಡಿ, ಎಂದರು. ಇಲಾಖೆಗೆ ವರದಿಯನ್ನು ಆಗಲೇ ಕಳಿಸಿ ಆಗಿತ್ತು.

"ನಂಗೂ ಒಂದು ಪ್ರತಿ ಕೊಡಿ ಡಾಕ್ಟ್ರೇ," ಎಂದ ಅವನು. ಸಾಯಂಕಾಲದೊಳಗೆ ವಾಪಸ್ ಬಂದು ದಾಖಲಾಗುತ್ತೇನೆ ಎಂದು ಕೈಮುಗಿದ. ಡಾಕ್ಟರು ಬೇಡವೆಂದರೂ ಎದ್ದ. ಬಸ್ಸಿನಲ್ಲಿ ಆ ಕಾಗದವನ್ನು ಬಿಚ್ಚುವುದು, ಮಡಿಸುವುದು. ಏರಿಳಿಯುವ ಗೆರೆ ಒಂದು ಕಡೆ ಹುಚ್ಚುಹುಚ್ಚಾಗಿ ಗೀಚಿದಂತಾಗಿತ್ತು. ಅದೇ ತನ್ನ ಮಾನ, ಮರ್ಯಾದೆ ಎಲ್ಲ ಎಂಬ ಹಾಗೆ ಅದನ್ನು ಬೆರಳಿನಿಂದ ಸವರುತ್ತಿದ್ದ. ಹೆಂಡತಿಯ ಕಣ್ಣಿಗೆ ದಾರಿಯುದ್ದಕ್ಕೂ ನಿನ್ನೆ ಕಂಡದ್ದೇ ಕಾಣುತ್ತಿತ್ತು.

ಅತ್ತಿಗೆ ಬಾಗಿಲು ತೆರೆದು, "ಮಲಗಿ..." ಎನ್ನುವಷ್ಟರಲ್ಲಿ ಅವನು ಒಳಗೆ ನುಗ್ಗಿ ಆಗಿತ್ತು. ಭಾವ ಕಿಟಕಿಯ ಹತ್ತಿರ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಕಾಲಿನ ಮೇಲೆ ಹೊದಿಕೆ. ಇವನನ್ನು ಕಂಡು ಮುಖ ತಿರುಗಿಸಹೋದ.

"ತಿರುಗಿಸ್ಬೇಡಿ ಭಾವ. ಇವತ್ತು ತಿರುಗಿಸ್ಬೇಡಿ," ಎಂದು ಅವನು ಕಾಗದವನ್ನು ಭಾವನ ಹೊದಿಕೆಯ ಮೇಲೆ ಹರಡಿದ. ಬೆರಳಿಟ್ಟು ತೋರಿಸಿದ. "ನೋಡಿ. ಇಲ್ನೋಡಿ. ಹೃದಯನೇ ನಿಂತಿತ್ತಂತೆ. ಆವತ್ತೂ ಇದೇ ಆಗಿದ್ದು. ನಾನು ನಿದ್ದೆ ಮಾಡಿರ್ಲಿಲ್ಲ ಭಾವ. ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾನು ನಿದ್ದೆ ಮಾಡ್ತೀನಾ?"

ಭಾವ ಕಾಗದ ನೋಡಿದ. ಅವನ ಮುಖದಲ್ಲಿ ಸಿಟ್ಟು ಇಳಿಯಲಿಲ್ಲ, ಏಕೆಂದರೆ ಅಲ್ಲಿ ಸಿಟ್ಟೇ ಇರಲಿಲ್ಲ. ಅವನು ಬಿಳಿಚಿಕೊಂಡ. "ಇದನ್ನ ಯಾರ್ಯಾರಿಗೆ ತೋರಿಸ್ದೆ?" ಎಂದ.

ಬಂದಾಗಿನಿಂದ ಗೋಡೆಗೆ ಒರಗಿ ನಿಂತಿದ್ದ ತಂಗಿ ಆಗ ಬಾಯಿಬಿಟ್ಟಳು. "ಅಣ್ಣ, ನಿನ್ನೆ ಇವರು ನನ್ನ ಕೈಯಲ್ಲೇ ಬಿದ್ರು. ಕಣ್ಣು ತೆರೆದಿತ್ತು. ಪೂರ್ತಿ ತೆರೆದಿತ್ತು. ನಿದ್ದೆ ಮಾಡೋರ ಕಣ್ಣು ಮುಚ್ಚಿರುತ್ತೆ ಅಲ್ವಾ? ನೀನು ಪಕ್ಕದಲ್ಲೇ ಕೂತಿದ್ದೆ. ಆವತ್ತು ನೀನು ಏನು ನೋಡ್ದೆ?"

ಬಾಗಿಲ ಬಳಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತೆರೆದಿತ್ತು," ಎಂದ ಭಾವ ಕೊನೆಗೆ. "ತಿರುವಿನಲ್ಲಿ ಯಾಕೋ ತಿರುಗಿಸ್ತಿಲ್ವಲ್ಲ ಅಂತ ನೋಡ್ದೆ. ಕಣ್ಣು ಬಿಟ್ಕೊಂಡು ಕೂತಿದ್ದಾನೆ. ಹೆಸರು ಹಿಡಿದು ಕೂಗ್ದೆ. ಇವನು ಒಳಗೇ ಇರ್ಲಿಲ್ಲ."

"ಮತ್ತೆ?" ಎಂದ ಚಾಲಕ. ಅವನ ಸ್ವರ ಅವನಿಗೇ ಗುರುತು ಸಿಗಲಿಲ್ಲ. "ತೂಕಡಿಸಿದ ಅಂತ ಯಾಕಂದ್ರಿ?"

"ಮತ್ತೇನನ್ಲಿ? ಇದ್ದದ್ದು ಇದ್ದ ಹಾಗೆ ಹೇಳಿದ್ರೆ ನಿನ್ನನ್ನ ಮರುದಿನವೇ ಮನೆಗೆ ಕಳಿಸ್ತಿದ್ರು. ನಿದ್ದೆ ಅಂದ್ರೆ ಶಿಕ್ಷೆ ಕೊಡ್ತಾರೆ, ಆಮೇಲೆ ಸೀಟು ಕೊಡ್ತಾರೆ. ಎಷ್ಟು ಜನಕ್ಕೆ ಕೊಟ್ಟಿಲ್ಲ? ನನ್ನ ಕಾಲಂತೂ ಹೋಯ್ತು, ನಿನ್ನ ಕೆಲಸ ಆದ್ರೂ ಉಳೀಲಿ ಅಂದ್ಕೊಂಡೆ. ಎಲ್ಲೋ ಒಂದ್ಸಲ ಆಗಿದ್ದು, ಮತ್ತೆ ಆಗಲ್ಲ ಅಂದ್ಕೊಂಡೆ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನಿನಗಾ? ನಿನ್ನ ಬಾಯಲ್ಲಿ ಎಳ್ಳು ನೆನೆಯುತ್ತೇನೋ? ಸೀದಾ ಹೋಗಿ, ಭಾವ ಸುಳ್ಳು ಹೇಳಿದ್ದಾರೆ ಸಾರ್, ಅಂತ ನಿಂತಿರ್ತಿದ್ದೆ. ಅದಕ್ಕೇ ಮುಖ ತೋರಿಸ್ಲಿಲ್ಲ. ನಿನ್ನ ಮುಖ ನೋಡ್ಕೊಂಡು ನನ್ನ ಕೈಲಿ ಸುಳ್ಳು ಹೇಳೋಕಾಗ್ತಿರ್ಲಿಲ್ಲ." ಭಾವ ಕಾಗದವನ್ನು ಮುದುಡಿ ಅವನ ಕಡೆಗೆ ಚಾಚಿದ. "ತಗೋ. ಹರಿದು ಒಲೆಗೆ ಹಾಕು. ಯಾರಿಗೂ ಹೇಳ್ಬೇಡ."

"ಇಲಾಖೆಗೆ ಹೋಗಿ ಆಯ್ತು, ಭಾವ."

ಭಾವ ಹಣೆ ಹಣೆ ಚಚ್ಚಿಕೊಂಡ. ಎಂಥೆಂಥ ಬೆಂಕಿಯ ನಡುವೆ ನಿಂತು ಕಣ್ಣು ಪಿಳುಕಿಸದ ಮನುಷ್ಯ ಅವನು, ಗಳಗಳನೆ ಅತ್ತ. ತಂಗಿ ಮಾತ್ರ ಅಳಲಿಲ್ಲ. ಮಂಚದ ಹತ್ತಿರ ಬಂದು, ಹುಟ್ಟಿದಾಗಿನಿಂದ ಎದುರು ಮಾತಾಡದವಳು, ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಕೆಲಸ ಉಳಿಸ್ದೆ ಅಂತೀಯಲ್ಲ ಅಣ್ಣ. ನಾಳೆ ಇವರು ಮತ್ತೆ ಸೀಟಿಗೆ ಹತ್ತಿ, ಗಂಟೆ ಬಡಿದು, ದಾರೀಲಿ ಎದೆ ನಿಂತಿದ್ರೆ? ಹಿಂದೆ ಕೂತೋರ ಗತಿ? ನನ್ನ ಗತಿ? ಉಳಿಸ್ಲಿಲ್ಲ ನೀನು. ಸಾಯೋಕೆ ಸೀಟು ಕಾಯ್ದಿರಿಸಿದ್ದೆ."

ಚಾಲಕ ಆ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ. ನಿದ್ದೆ ಮಾಡಿದವನಲ್ಲ ಎಂದು ಒಬ್ಬ ಮನುಷ್ಯ ನಂಬಲಿ ಎಂದು ಅವನು ಗಾಡಿ ಬಿಟ್ಟಿದ್ದ, ಕೆಲಸ ಬಿಟ್ಟಿದ್ದ, ಹೆಂಡತಿಯ ಕೈಯಲ್ಲಿ ತನ್ನ ಸಾವನ್ನೇ ಬಡಿಸಿಕೊಂಡಿದ್ದ. ಆ ಮನುಷ್ಯ ಒಂದು ದಿನವೂ, ಒಂದು ಗಳಿಗೆಯೂ ಅವನನ್ನು ಅನುಮಾನಿಸಿರಲಿಲ್ಲ. ಸಂತೋಷಪಡಬೇಕೋ, ಕತ್ತು ಹಿಸುಕಬೇಕೋ ಅವನಿಗೆ ತಿಳಿಯಲಿಲ್ಲ. ಮಂಚದ ಕಾಲ ಕಡೆ, ಆ ಮುರಿದ ಕಾಲಿಗೆ ತಾಗದ ಹಾಗೆ ಅಂಚಿನಲ್ಲಿ ಕೂತ.

"ಈಗ ನಾನೇನ್ ಮಾಡ್ಲಿ ಭಾವ?" ಎಂದ. "ನಂಗೆ ಗಾಡಿ ಓಡಿಸೋದು ಬಿಟ್ರೆ ಬೇರೆ ಏನೂ ಬರಲ್ಲ."

ಭಾವ ಕೈಚಾಚಿ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಸ್ಪತ್ರೆಗೆ ಹೊತ್ತಾಯಿತು, ಏಳಿ, ಎಂದು ಹೆಂಡತಿ ಎರಡು ಸಲ ಕರೆದರೂ ಭಾವ ಬಿಡಲಿಲ್ಲ, ಇವನೂ ಏಳಲಿಲ್ಲ.